ಹಲಸಿನ ಗಂಟಿನಿಂದ ಚಾಕುವಿನ ಹಿಡಿ: ರೆಸಿನ್ ಕುಡಿಸಲೇಬೇಕಾ?

ಪ್ರಶ್ನೆ: ಗಾಳಿಗೆ ಬಿದ್ದ ಹಳೇ ಹಲಸಿನ ಮರದಲ್ಲಿ ದೊಡ್ಡ ಗಂಟೊಂದು ಸಿಕ್ಕಿದೆ. ಕೊಯ್ದರೆ ಒಳಗೆ ಸುಳಿ ಸುಳಿಯಾಗಿ ಬಲು ಚೆಂದ ಇದೆ. ಅಡುಗೆಮನೆ ಚಾಕುವಿಗೆ ಅದರಿಂದಲೇ ಹಿಡಿ ಮಾಡುವ ಆಸೆ. ಆದರೆ ವಿಡಿಯೋಗಳಲ್ಲಿ ಎಲ್ಲರೂ ‘ಸ್ಟೆಬಿಲೈಸ್’ ಮಾಡಿದ, ಅಂದರೆ ರೆಸಿನ್ (ಗಟ್ಟಿಯಾಗುವ ಅಂಟಿನಂಥ ದ್ರವ) ಕುಡಿಸಿದ ಬರ್ಲ್ ಮರವನ್ನೇ (ಇಂಥ ಗಂಟಿನ ಮರ) ಬಳಸುತ್ತಾರೆ. ಅದಿಲ್ಲದೆ ಆಗುವುದಿಲ್ವಾ?

ಉತ್ತರ: ಆಗುತ್ತದೆ. ರೆಸಿನ್ ಇಲ್ಲದಿದ್ದರೂ ನಡೆಯುತ್ತದೆ, ಒಣಗದಿದ್ದರೆ ಮಾತ್ರ ನಡೆಯುವುದಿಲ್ಲ.

ಮೊದಲು ನಿಮ್ಮ ಗಂಟು ನಿಜವಾದ ಬರ್ಲ್ ಹೌದಾ ನೋಡಿಕೊಳ್ಳಿ. ಹಲಸಿನ ಕಾಂಡದಲ್ಲಿ ವರ್ಷ ವರ್ಷ ಕಾಯಿ ಬಿಡುವ ಜಾಗವೂ ಉಬ್ಬಿಕೊಂಡಿರುತ್ತದೆ. ನಿಜವಾದ ಬರ್ಲ್‌ನಲ್ಲಿ ಚಿಗುರದೇ ಉಳಿದ ಮೊಗ್ಗುಗಳು ಗುಂಪುಗಟ್ಟಿರುತ್ತವೆ. ಕೊಯ್ದಾಗ ಕಾಣುವ ಸಣ್ಣ ಸಣ್ಣ ಕಣ್ಣುಗಳು ಅವೇ. ಅವುಗಳ ಸುತ್ತ ನಾರು ತಲೆಯ ಸುಳಿಯ ಹಾಗೆ ತಿರುಗಿರುತ್ತದೆ. ಅಂದ ಬರುವುದು ಆ ತಿರುವಿನಿಂದ. ತಲೆನೋವು ಬರುವುದೂ ಅದರಿಂದಲೇ.

ಹೇಗೆ ಅಂದರೆ, ಹಸಿ ಮರ ಒಣಗುವಾಗ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಶೇಕಡಾ 0.1ರಿಂದ 0.2ರಷ್ಟು ಅಷ್ಟೇ. ಅಡ್ಡಕ್ಕೆ ಮಾತ್ರ ಪೂರ್ತಿ ಒಣಗುವ ಹೊತ್ತಿಗೆ ಜಾತಿಗೆ ತಕ್ಕಂತೆ ಶೇಕಡಾ 3ರಿಂದ 10ರವರೆಗೂ ಕುಗ್ಗಬಹುದು. ನೆಟ್ಟನೆಯ ಹಲಗೆಯಲ್ಲಿ ಇದು ಎತ್ತ ಕುಗ್ಗುತ್ತದೆ ಅಂತ ಮೊದಲೇ ಹೇಳಬಹುದು. ಬರ್ಲ್‌ನಲ್ಲಿ ಆಗುವುದಿಲ್ಲ. ಒಂದೇ ತುಂಡಿನ ಒಂದು ಮೂಲೆ ಅತ್ತ ಎಳೆದರೆ ಇನ್ನೊಂದು ಇತ್ತ ಎಳೆಯುತ್ತದೆ. ಆದ್ದರಿಂದ ಅರ್ಧ ಒಣಗಿದ ತುಂಡನ್ನು ಚಾಕುವಿಗೆ ಅಂಟಿಸಲೇಬೇಡಿ. ಆಗಸ್ಟಿನಲ್ಲಿ ಸಾಗರದಲ್ಲಿ ಕೂತು ಮಾಡಿದ ಹಿಡಿಯನ್ನು ಏಪ್ರಿಲ್‌ನಲ್ಲಿ ಬಳ್ಳಾರಿಗೆ ಒಯ್ದರೆ ಮರ ಒಳಕ್ಕೆ ಸರಿದು ಹಿಡಿಯ ನಡುವಿನ ಸ್ಟೀಲಿನ ಅಂಚು ಬೆರಳಿಗೆ ಒತ್ತುತ್ತದೆ. ಮರವನ್ನು ಸ್ಟೀಲಿಗೆ ಹಿಡಿದಿಡುವ ಪಿನ್ನಿನ ತಲೆಯೂ ಉಗುರಿಗೆ ತಡೆಯುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ.

ಒಣಗಿಸುವುದು ಹೀಗೆ. ಗಂಟನ್ನು ಇಡಿಯಾಗಿ ಇಡಬೇಡಿ, ಸೀಳುತ್ತದೆ. 6 ಇಂಚು ಉದ್ದ, 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ತುಂಡು ಮಾಡಿಕೊಳ್ಳಿ. ಕೊನೆಗೆ ಬೇಕಾಗುವುದು ಇದಕ್ಕಿಂತ ಕಡಿಮೆ, ಆದರೆ ಸೊಟ್ಟಗಾದ ಮೇಲೆ ನೇರ ಮಾಡಿಕೊಳ್ಳಲು ಮರ ಉಳಿದಿರಬೇಕಲ್ವಾ? ಮಾಮೂಲಿ ಹಲಗೆಯಾದರೆ ಎರಡು ತುದಿಗೆ ಮಾತ್ರ ಮೇಣ ಬಳಿಯುತ್ತಾರೆ, ಏಕೆಂದರೆ ನೀರು ಬೇಗ ಆರುವುದು ತುದಿಯಿಂದ. ಬರ್ಲ್‌ನಲ್ಲಿ ನಾರಿನ ತುದಿ ಎಲ್ಲಾ ಮುಖದಲ್ಲೂ ಇರುತ್ತದೆ. ಹಾಗಾಗಿ ಪೂರ್ತಿ ತುಂಡಿಗೇ ತೆಳ್ಳಗೆ ಮೇಣ ಬಳಿದು ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಬಿಸಿಲಿಗೆ ಇಟ್ಟರೆ ಮುಗಿಯಿತು, ಬಿರುಕು ಗ್ಯಾರಂಟಿ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಹಳೇ ಲೆಕ್ಕ. ಅದನ್ನು ಸುಮ್ನೆ ನಂಬುವುದಕ್ಕಿಂತ ತೂಕ ಹಾಕುವುದು ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ, ಒಂದು ಚೀಟಿಯಲ್ಲಿ ಬರೆದಿಡಿ. ತೂಕ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಿಂತ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇಸಿಗೆಯಲ್ಲಿ ನಿಂತದ್ದೇ ನಿಜವಾದದ್ದು.

ಈಗ ರೆಸಿನ್ ವಿಷಯ. ಸ್ಟೆಬಿಲೈಸ್ ಮಾಡುವುದು ಅಂದರೆ ಮರದ ರಂಧ್ರಗಳಿಗೆ ನೀರಿನಷ್ಟು ತೆಳ್ಳಗಿನ ರೆಸಿನ್ ಕುಡಿಸಿ, ಬಿಸಿಗೆ ಗಟ್ಟಿಯಾಗಿಸುವುದು. ಮೊದಲು ತುಂಡನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ದಿನ ಓವನ್‌ನಲ್ಲಿ ಇಟ್ಟು ಉಳಿದ ತೇವವನ್ನೂ ಓಡಿಸುತ್ತಾರೆ. ಆಮೇಲೆ ರೆಸಿನ್‌ನಲ್ಲಿ ಮುಳುಗಿಸಿ ವ್ಯಾಕ್ಯೂಮ್ ಪಂಪು ಹಾಕುತ್ತಾರೆ. ಮರದೊಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ಗುಳ್ಳೆ ನಿಂತ ಮೇಲೆ ಪಂಪು ಬಂದ್. ಆಗಲೇ ಮರ ರೆಸಿನ್ನನ್ನು ಒಳಗೆ ಎಳೆದುಕೊಳ್ಳುವುದು, ಆದ್ದರಿಂದ ಗಂಟೆಗಟ್ಟಲೆ ಹಾಗೇ ಬಿಡಬೇಕು. ಕೊನೆಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ 90 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಬ್ರೆಡ್, ಕೇಕ್ ಮಾಡುವ ಓವನ್‌ನಲ್ಲಿ ಇದನ್ನು ಮಾಡಬೇಡಿ.

ಮೇಪಲ್, ಬಾಕ್ಸ್ ಎಲ್ಡರ್, ಬಕ್‌ಐ ತರಹದ ಅಮೆರಿಕದ ಬರ್ಲ್‌ಗಳಿಗೆ ಇದು ಬೇಕೇ ಬೇಕು. ಅವು ಮೆತ್ತಗೆ, ಎಷ್ಟೋ ಸಲ ಶಿಲೀಂಧ್ರ ಹಿಡಿದಿರುತ್ತವೆ. ವಿಡಿಯೋಗಳಲ್ಲಿ ನೀವು ನೋಡುವುದು ಜಾಸ್ತಿ ಇವನ್ನೇ. ಬೀಟೆಯಂಥ ಎಣ್ಣೆಯಂಶದ ಗಟ್ಟಿ ಮರ ರೆಸಿನ್ ಕುಡಿಯುವುದೇ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. (ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದು ನೆನಪಿರಲಿ.) ಹಲಸು ಇವೆರಡರ ನಡುವಿನದು. ಒಣಗಿದ ತುಂಡಿಗೆ ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ರೆಸಿನ್ ಬೇಡ. ಆಳವಾಗಿ ಇಳಿದರೆ, ಇಲ್ಲವೇ ಪುಡಿಪುಡಿಯಾಗಿ ಉದುರಿದರೆ, ಕುಡಿಸಿ ಅಥವಾ ಆ ತುಂಡನ್ನು ಬಿಡಿ. ಅಲ್ಲಲ್ಲಿ ಕೂದಲೆಳೆ ಬಿರುಕು ಇದ್ದರೆ ಫೆವಿಕ್ವಿಕ್ ತರಹದ ತೆಳ್ಳಗಿನ ಅಂಟು ಬಿಟ್ಟರೆ ಸಾಕು.

ಬಿದ್ದ ಮರದ ಗಂಟು ನಿಮಗೆ ಸಿಕ್ಕಿದ್ದು ಒಳ್ಳೆಯದಾಯಿತು. ನಿಂತ ಮರದಿಂದ ಗಂಟು ಕೊಯ್ದರೆ ಮರಕ್ಕೆ ದೊಡ್ಡ ಗಾಯ, ಅಲ್ಲಿಂದಲೇ ಕೊಳೆ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಬರ್ಲ್ ಕಳ್ಳರ ಕಾಟ ತಡೆಯಲಾರದೆ 2014ರಲ್ಲಿ ಒಂದು ರಸ್ತೆಯನ್ನೇ ರಾತ್ರಿ ಹೊತ್ತು ಮುಚ್ಚಬೇಕಾಯಿತು. ಅಷ್ಟು ಬೇಡಿಕೆ ಈ ಗಂಟುಗಳಿಗೆ.

ಅಂಟಿಸುವಾಗ ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟು ತೆಗೆದುಕೊಳ್ಳಿ, 5 ನಿಮಿಷದ್ದು ಬೇಡ. ಸ್ಟೀಲನ್ನೂ ಮರವನ್ನೂ 80 ನಂಬರಿನ ಮರಳುಕಾಗದದಲ್ಲಿ ತರಿ ಮಾಡಿ, ಸ್ಟೀಲನ್ನು ಅಸಿಟೋನ್‌ನಲ್ಲಿ ಒರೆಸಿ. ಕ್ಲ್ಯಾಂಪನ್ನು ಗಟ್ಟಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ, ಹದವಾಗಿ ಹಿಡಿಸಿ ಸಾಕು. ಯಂತ್ರದ ಮರಳುಕಾಗದದ ಬೆಲ್ಟಿನಲ್ಲಿ ಉಜ್ಜುವಾಗ ಹಿತ್ತಾಳೆ ಪಿನ್ನು ಮುಟ್ಟಿ ನೋಡುತ್ತಿರಿ. ಕೈ ಸುಡುವಷ್ಟು ಬಿಸಿಯಾದರೆ ಒಳಗಿನ ಎಪಾಕ್ಸಿ ಮೆತ್ತಗಾಗುತ್ತದೆ. ಮಾಸ್ಕ್ ಕಡ್ಡಾಯ, ಮರದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ರೆಸಿನ್ ಕುಡಿದ ಮರದ್ದಂತೂ ಅಲ್ಲವೇ ಅಲ್ಲ.

ಪಾಲಿಶ್‌ಗೆ 120ರಿಂದ ಶುರು ಮಾಡಿ 220, 400, 600 ನಂಬರ್‌ವರೆಗೆ ಉಜ್ಜಿ. ಆಮೇಲೆ ಟಂಗ್ ಎಣ್ಣೆ ಅಥವಾ ಕಾಯಿಸಿದ ಅಗಸೆ ಎಣ್ಣೆ, ತೆಳ್ಳಗೆ ನಾಲ್ಕೈದು ಕೋಟು. ಕೊಬ್ಬರಿ ಎಣ್ಣೆ ಬೇಡ, ಅದು ಮರದ ಮೇಲೆ ಒಣಗಿ ಗಟ್ಟಿಯಾಗುವುದೇ ಇಲ್ಲ. ಹಲಸಿನ ಹಳದಿ ಬಣ್ಣ ಬೆಳಕಿಗೆ ಕಂದು ತಿರುಗುತ್ತದೆ. ಯಾವ ಎಣ್ಣೆಯೂ ಅದನ್ನು ತಡೆಯುವುದಿಲ್ಲ, ನನಗಂತೂ ಕಂದೇ ಇಷ್ಟ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯೇರಿ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ ಬಿಸಾಡಿ.