ಅಡಿಕೆಯ ಹಣ ಕೈಗೆ ಬಂದಿದೆ, ನೆಮ್ಮದಿ ಏಕೆ ಬಂದಿಲ್ಲ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನಗೆ ಮೂರು ಎಕರೆ ಅಡಿಕೆ ತೋಟವಿದೆ. ದರ ಬರಲೆಂದು ಇಟ್ಟುಕೊಂಡಿದ್ದ ಹೋದ ವರ್ಷದ ರಾಶಿ ಅಡಿಕೆಯನ್ನೂ ಈ ವರ್ಷದ್ದನ್ನೂ ಒಟ್ಟಿಗೆ ಮಾರಿದ್ದರಿಂದ, ಖರ್ಚು ಕಳೆದು 11 ಲಕ್ಷ ರೂಪಾಯಿ ಉಳಿತಾಯ ಖಾತೆಯಲ್ಲಿದೆ. ಸೊಸೈಟಿಯಲ್ಲಿ 3 ಲಕ್ಷ ಬೆಳೆ ಸಾಲವಿದೆ. ಖಾಸಗಿ ಫೈನಾನ್ಸಿನಲ್ಲಿ ಹೆಂಡತಿಯ ಒಡವೆ ಅಡವಿಟ್ಟು ತೆಗೆದ ಎರಡೂವರೆ ಲಕ್ಷ ಬೇರೆ. ಮಗಳು ದ್ವಿತೀಯ ಪಿಯುಸಿಗೆ ಬಂದಿದ್ದಾಳೆ. ಅಣ್ಣ ಶಿವಮೊಗ್ಗದಲ್ಲಿ ಸೈಟು ತೆಗೆದುಕೋ ಎನ್ನುತ್ತಾನೆ, ಪಕ್ಕದವರು ಒಂದು ಎಕರೆ ಗದ್ದೆ ಕೊಡುತ್ತೇವೆ, ತೋಟ ಎಬ್ಬಿಸಿಕೊಳ್ಳಿ ಎನ್ನುತ್ತಾರೆ, ಬೆಂಗಳೂರಿನ ಭಾವ ಮ್ಯೂಚುವಲ್ ಫಂಡ್ ಎನ್ನುತ್ತಾರೆ. ಇಷ್ಟು ಹಣವನ್ನು ನಾನು ಒಟ್ಟಿಗೆ ನೋಡಿದವನೇ ಅಲ್ಲ. ಆದರೂ ಮೊದಲಿಗಿಂತ ನಿದ್ದೆ ಕಡಿಮೆಯಾಗಿದೆ. ಏನು ಮಾಡಲಿ? ಹಣದಿಂದ ನೆಮ್ಮದಿ ಬರುತ್ತದೆ ಎನ್ನುವುದು ಸುಳ್ಳೇ?

ಉತ್ತರ: ಯುಗಾದಿ ಕಳೆದು ಮೃಗಶಿರ ಮಳೆ ಬರುವುದರೊಳಗೆ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮೊತ್ತ ಬೇರೆ, ತಾಲ್ಲೂಕು ಬೇರೆ, ಸಂಕಟ ಒಂದೇ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಏಕೆಂದರೆ ಹಣದಿಂದ ಏನು ಸಿಗುತ್ತದೆ ಎಂಬುದು ತಿಳಿಯದೆ ಅದನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಬರುವುದಿಲ್ಲ.

ಈ ಬಗ್ಗೆ ವಿದ್ವಾಂಸರು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಅಂಕಿಅಂಶಗಳನ್ನು ಪರಿಶೀಲಿಸಿ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದವರೆಗೆ ದಿನನಿತ್ಯದ ಸಂತೋಷ ಏರುತ್ತದೆ, ಅನಂತರ ಏರುವುದಿಲ್ಲ ಎಂದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬುವರು ಹಾಗೆ ನಿಲ್ಲುವ ಜಾಗ ತಮಗೆ ಕಾಣಲಿಲ್ಲ ಎಂದರು. ಪರಸ್ಪರ ವಿರುದ್ಧ ಮಾತಾಡಿದ ಕಾನೆಮನ್, ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಅವರ ಜೊತೆಗೂಡಿ ಲೆಕ್ಕವನ್ನು ಮತ್ತೆ ಮಾಡಿ, 2023ರಲ್ಲಿ ಒಂದು ಉತ್ತರಕ್ಕೆ ಬಂದರು: ಹೆಚ್ಚಿನವರಿಗೆ ಆದಾಯದೊಂದಿಗೆ ಸಂತೋಷ ಏರುತ್ತಲೇ ಹೋಗುತ್ತದೆ, ಆದರೆ ಅತ್ಯಂತ ದುಃಖಿಗಳಾದ ಐದನೇ ಒಂದು ಭಾಗದ ಜನರಲ್ಲಿ ಮಾತ್ರ ಒಂದು ಮಟ್ಟದ ಮೇಲೆ ಅದು ನಿಂತುಬಿಡುತ್ತದೆ. ಅಂದರೆ ಹಣವಿಲ್ಲದ್ದರಿಂದ ಬಂದ ದುಃಖವನ್ನು ಹಣ ಕಳೆಯುತ್ತದೆ. ಸಾವಿನಿಂದ, ಒಂಟಿತನದಿಂದ, ಮನಸ್ಸಿನ ಕಾಯಿಲೆಯಿಂದ ಬಂದದ್ದನ್ನು ಕಳೆಯುವ ಶಕ್ತಿ ಅದಕ್ಕಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಹನ್ನೆರಡು ಅಂಕಣದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವ ಎಷ್ಟೋ ಮನೆಗಳನ್ನು ನಾವು ನೋಡುತ್ತಿರುವಾಗ ಇದನ್ನು ನಂಬುವುದು ಕಷ್ಟವಲ್ಲ.

ಆದರೆ ಅಮೆರಿಕದ ಸಂಬಳದಾರರ ಲೆಕ್ಕಕ್ಕಿಂತ ನಮಗೆ ಹತ್ತಿರದ ಒಂದು ಅಧ್ಯಯನವಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಾಫಿರ್ ಮತ್ತು ಜಿಯಾಯಿಂಗ್ ಝಾವೊ ಅವರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಬ್ಬಿನ ಹಣ ಬಂದ ಮೇಲೆ ಒಮ್ಮೆ ಭೇಟಿಯಾಗಿ, ಬುದ್ಧಿಯನ್ನು ಅಳೆಯುವ ಪರೀಕ್ಷೆಗಳನ್ನು ಕೊಟ್ಟು 2013ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅದೇ ರೈತ, ಅದೇ ಊರು. ಕೈ ಬರಿದಾಗಿದ್ದಾಗ ಅವನಿಂದ ಆಗದ ಉತ್ತರಗಳು ಹಣ ಬಂದ ಮೇಲೆ ಆದವು. ಬುದ್ಧಿ ಹೆಚ್ಚಿದ್ದಲ್ಲ, ಚಿಂತೆ ಆಕ್ರಮಿಸಿಕೊಂಡಿದ್ದ ಜಾಗ ತೆರವಾದದ್ದು. ನಾವೂ ವರ್ಷಕ್ಕೊಮ್ಮೆ ದುಡ್ಡು ಕಾಣುವವರು. ಕೊಳೆರೋಗಕ್ಕೆ ಔಷಧಿ ಹೊಡೆಸುವ ಆಷಾಢದಲ್ಲಿ ಮನೆಯಲ್ಲಿ ಹಣ ಇರುವುದಿಲ್ಲ. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರರ ಕೂಲಿ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಅದೇ ಎರಡು ತಿಂಗಳಲ್ಲಿ ಬಂದು ನಿಲ್ಲುತ್ತವೆ. ತಪ್ಪು ಸಾಲ ಮಾಡುವುದು, ಕೊಯ್ಲಿಗೆ ಮುಂಚೆಯೇ ತೋಟದ ಫಸಲನ್ನು ಕಡಿಮೆ ದರಕ್ಕೆ ಚೇಣಿ (ಗುತ್ತಿಗೆ) ಕೊಡುವುದು, ಅಡಿಕೆ ಮಂಡಿಯಿಂದ ಮುಂಗಡ ತಂದು ಅಲ್ಲಿಯೇ ಅಡಿಕೆ ಹಾಕಬೇಕಾದ ಕಟ್ಟುಪಾಡಿಗೆ ಸಿಕ್ಕಿಕೊಳ್ಳುವುದು, ಎಲ್ಲವೂ ಆಗುವುದು ಆ ದಿನಗಳಲ್ಲಿಯೇ.

ಆದ್ದರಿಂದ ಹಣದಿಂದ ನೆಮ್ಮದಿ ಬರುತ್ತದೆ ಎಂಬುದು ಸುಳ್ಳಲ್ಲ ಎಂದೇ ನನ್ನ ಉತ್ತರ. ಅಡಿಕೆಯವರ ಮಟ್ಟಿಗೆ ನೆಮ್ಮದಿಯೆಂದರೆ ನಮ್ಮ ಅಡಿಕೆಯನ್ನು ನಮಗೆ ಬೇಕಾದಾಗ ಮಾರಬಲ್ಲೆವೆಂಬ ಸ್ವಾತಂತ್ರ್ಯ. ನಿಮ್ಮ 11 ಲಕ್ಷ ಅದನ್ನು ಕೊಡಬಲ್ಲದು. ಆದರೆ ಈಗ ಅದು ಯಾವ ಕೆಲಸಕ್ಕೂ ನೇಮಕವಾಗದೆ ಖಾತೆಯಲ್ಲಿ ಸುಮ್ಮನೆ ಕೂತಿರುವುದರಿಂದ, ಮೂರು ಕಡೆಯವರು ಮೂರು ದಿಕ್ಕಿಗೆ ಎಳೆಯುತ್ತಿದ್ದಾರೆ. ನಿದ್ದೆ ಕೆಟ್ಟಿರುವುದು ಹಣದಿಂದಲ್ಲ, ಆ ಎಳೆದಾಟದಿಂದ ಎಂದು ನನಗನಿಸುತ್ತದೆ.

ಮೊದಲ ಕೆಲಸ, ಒಡವೆ ಬಿಡಿಸಿಕೊಳ್ಳುವುದು. ಖಾಸಗಿಯವರಲ್ಲಿ ಅಡವಿನ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೂ ವರ್ಷಕ್ಕೆ ಶೇ 18 ಆಯಿತು. ಎರಡೂವರೆ ಲಕ್ಷಕ್ಕೆ 45,000 ರೂಪಾಯಿ. ಇದನ್ನು ತೀರಿಸಿದರೆ ಶೇ 18ರ ಲಾಭ ಖಚಿತವಾಗಿ ಬಂದ ಹಾಗೆ, ಇಷ್ಟು ಖಚಿತವಾಗಿ ಇಷ್ಟು ಕೊಡುವ ಹೂಡಿಕೆ ಬೇರೆಲ್ಲಿಯೂ ಇಲ್ಲ. ಸೊಸೈಟಿಯ ಬೆಳೆ ಸಾಲದ ವಿಷಯ ಬೇರೆ. ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಗೆ ಕೊಡುವ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ಘೋಷಿಸಿತು. ಆ ಸಾಲವನ್ನು ಗಡುವಿಗೆ ಮುಂಚೆ ತೀರಿಸಲು ಆತುರಪಡಬೇಕಾಗಿಲ್ಲ, ಆದರೆ ಗಡುವು ಒಂದು ದಿನವೂ ಮೀರಬಾರದು. ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಕಟ್ಟಬೇಕಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಎರಡನೆಯದು, ಒಂದು ವರ್ಷದ ಜೀವನ. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ಸಂಬಳದವರಿಗೆ ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು ಎನ್ನುವುದುಂಟು. ವರ್ಷಕ್ಕೊಂದೇ ಬೆಳೆಯ ನಮಗೆ ಅದು ಸಾಲದು, ಒಂದು ಬೆಳೆ ಪೂರ್ತಿ ಕೈಕೊಟ್ಟರೂ ಮುಂದಿನ ಕೊಯ್ಲಿನವರೆಗೆ ದಾಟುವಷ್ಟು ಬೇಕು. ಮನೆ ಖರ್ಚು ತಿಂಗಳಿಗೆ 25,000ದಂತೆ ವರ್ಷಕ್ಕೆ 3 ಲಕ್ಷ, ಔಷಧಿ, ಗೊಬ್ಬರ, ಕೂಲಿಗೆಂದು ಒಂದೂವರೆ ಲಕ್ಷ, ಒಟ್ಟು ನಾಲ್ಕೂವರೆ ಲಕ್ಷ. ನಿಮ್ಮ ಮನೆಯ ಅಂಕಿ ಬೇರೆಯಾಗಿರಬಹುದು, ಲೆಕ್ಕದ ರೀತಿ ಇದೇ. ಇದನ್ನು ಒಂದೇ ಠೇವಣಿಯಾಗಿ ಇಡದೆ, ಮೂರು ಮೂರು ತಿಂಗಳಿಗೊಂದು ಕೈಗೆ ಬರುವ ಹಾಗೆ ನಾಲ್ಕು ತುಂಡು ಮಾಡಿ ಇಟ್ಟರೆ, ಆಷಾಢಕ್ಕೊಂದು ಪಾಲು, ದೀಪಾವಳಿಗೊಂದು ಪಾಲು ಎಂದು ತಾನಾಗಿ ಬರುತ್ತದೆ.

ಎಲ್ಲಿ ಇಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಜನ ಏಟು ತಿಂದಿರುವುದು ಇಲ್ಲಿಯೇ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. 2020ರ ಫೆಬ್ರುವರಿಗೆ ಮುಂಚೆ ಅದು ಬರೀ 1 ಲಕ್ಷವಿತ್ತು. ಈ ರಕ್ಷಣೆ ವಾಣಿಜ್ಯ ಬ್ಯಾಂಕುಗಳಿಗೂ, ಪಟ್ಟಣ ಸಹಕಾರ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೂ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೂ, ಪೇಟೆಯಲ್ಲಿ ಬೋರ್ಡು ಹಾಕಿಕೊಂಡಿರುವ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಇಲ್ಲ. ಅಲ್ಲಿ ಬಡ್ಡಿ ಒಂದೆರಡು ಪರ್ಸೆಂಟ್ ಹೆಚ್ಚು ಸಿಗುವುದು ಆ ಅಪಾಯಕ್ಕಾಗಿಯೇ. ನನ್ನ ಚಿಕ್ಕಮ್ಮ ಗಂಡನ ಪಿಂಚಣಿಯ ಹಣವನ್ನೆಲ್ಲ ಅಂಥ ಒಂದು ಕಡೆ ಇಟ್ಟು, ಅದು ಬಾಗಿಲು ಹಾಕಿದ ಮೇಲೆ ರಸೀತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎರಡು ವರ್ಷ ಅಲೆದರು. ಆ ಮುಖವನ್ನು ನೋಡಿದ ಮೇಲೆ, ಚೆನ್ನಾಗಿ ನಡೆಯುತ್ತಿರುವ ಸಂಘಗಳ ಬಗ್ಗೆ ಎಷ್ಟೇ ಗೌರವವಿದ್ದರೂ, ವರ್ಷದ ಊಟದ ಹಣವನ್ನು ವಿಮೆಯಿಲ್ಲದ ಕಡೆ ಇಡಿ ಎಂದು ಯಾರಿಗೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಂದಹಾಗೆ ನಿಮ್ಮ 11 ಲಕ್ಷ ಒಂದೇ ಖಾತೆಯಲ್ಲಿದೆ ಎಂದಿದ್ದೀರಿ. ಈ ವಾರವೇ ಅದನ್ನು ಎರಡು ಬ್ಯಾಂಕುಗಳಿಗೆ ಹಂಚಿ. ಹೆಂಡತಿಯವರ ಹೆಸರಿನಲ್ಲಿಯೂ ಒಂದು ಪಾಲು ಇರಲಿ.

ಆಸ್ಪತ್ರೆಯ ವಿಚಾರವನ್ನೂ ಇದರೊಂದಿಗೇ ಸೇರಿಸಬೇಕು. ಒಮ್ಮೆ ಮಣಿಪಾಲಕ್ಕೆ ಹೋಗಿ ಬಂದರೆ ಎರಡು ವರ್ಷದ ಉಳಿತಾಯ ಕರಗಿದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಸೊಸೈಟಿಯ ಸದಸ್ಯರಾದ್ದರಿಂದ ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಲು ನಿಮಗೆ ಅವಕಾಶವಿದೆ, ನೋಂದಣಿ ಆಗಿದೆಯೇ ನೋಡಿಕೊಳ್ಳಿ. ಅದರ ಮೇಲೆ ಇಡೀ ಕುಟುಂಬಕ್ಕೊಂದು ಆರೋಗ್ಯ ವಿಮೆ ಮಾಡಿಸಿದರೆ ಒಳ್ಳೆಯದು. ಹವಾಮಾನ ಆಧಾರಿತ ಬೆಳೆ ವಿಮೆಗೆ ರೈತರ ಪಾಲು ವಿಮಾ ಮೊತ್ತದ ಶೇ 5 ಮಾತ್ರ, ಅದನ್ನೂ ಬಿಡಬೇಡಿ.

ಇನ್ನು ಗದ್ದೆಯ ಮಾತು. ಭೂಮಿಯ ಮೇಲಿನ ನಮ್ಮ ಆಸೆಗೆ ಕಾರಣವಿದೆ, ಅದನ್ನು ಹಗುರವಾಗಿ ನೋಡಬಾರದು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತ ನೆಲ ಇದು. 1974ರ ಭೂಸುಧಾರಣೆಯ ನಂತರವೇ ಉಳುವವನ ಹೆಸರಿಗೆ ಪಹಣಿ ಬಂದ ಮನೆಗಳು ಇಲ್ಲಿ ಸಾವಿರಾರು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರೇ ಮುಳುಗಿ, ಪರಿಹಾರದ ಹಣ ಖರ್ಚಾಗಿ, ಭೂಮಿಯೂ ಇಲ್ಲದಾದವರ ಮೊಮ್ಮಕ್ಕಳು ಈಗಲೂ ಹಕ್ಕುಪತ್ರಕ್ಕಾಗಿ ಕಾಯುತ್ತಿದ್ದಾರೆ. ಹಣ ಹರಿದು ಹೋಗುತ್ತದೆ, ಭೂಮಿ ನಿಲ್ಲುತ್ತದೆ ಎಂದು ಹಿರಿಯರು ಹೇಳುವುದು ಇಂಥ ಅನುಭವದಿಂದ. ಆದರೂ ನಿಮಗೆ ಇನ್ನೊಂದು ಎಕರೆ ಅಡಿಕೆ ಬೇಡವೆಂದೇ ಹೇಳುತ್ತೇನೆ. ಸಸಿ ನೆಟ್ಟು ಫಸಲು ಕೈಗೆ ಹತ್ತಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಅದು ಬರೀ ಖರ್ಚು. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕೊಪ್ಪ ಶೃಂಗೇರಿಯ ತೋಟಗಳಲ್ಲಿ ಹಳದಿ ಎಲೆ ರೋಗ ಏನು ಮಾಡಿದೆ, ಹೊಸನಗರ ತೀರ್ಥಹಳ್ಳಿಯ ಕಡೆ ಎಲೆಚುಕ್ಕೆ ಹೇಗೆ ಹರಡಿದೆ ಎಂಬುದನ್ನು ನೀವೇ ಕಂಡಿದ್ದೀರಿ. ಚನ್ನಗಿರಿಯಿಂದ ಚಿತ್ರದುರ್ಗದವರೆಗೆ ಬಯಲುಸೀಮೆಯಲ್ಲಿಯೂ ತೋಟ ಎದ್ದಿದೆ. ಈಗಿರುವ ಮೂರು ಎಕರೆಗೆ ಯಾವ ರೋಗ, ಯಾವ ದರ ಕುಸಿತ ಬರುತ್ತದೆಯೋ ನಾಲ್ಕನೆಯದಕ್ಕೂ ಅದೇ ಬರುತ್ತದೆ. ಭೂಮಿಗೇ ಹಣ ಹಾಕಬೇಕೆನ್ನಿಸಿದರೆ ಇರುವ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ. ಒಣಗಿಸಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದರ ದರ ಅಡಿಕೆಯ ದರದೊಂದಿಗೆ ಏರಿಳಿಯುವುದೂ ಇಲ್ಲ.

ದರ ಕುಸಿತ ಎಂದಾಗ ನಮ್ಮ ಮನೆಯ ಕಥೆ ನೆನಪಾಗುತ್ತದೆ. 2014ರಲ್ಲಿ ಅಡಿಕೆಗೆ ಯಾರೂ ಕಾಣದ ದರ ಬಂದಾಗ ಅಪ್ಪ ಮಾರಲಿಲ್ಲ, ಇನ್ನೂ ಏರುತ್ತದೆ ಎಂದರು. ಮುಂದಿನ ಎರಡು ವರ್ಷಗಳಲ್ಲಿ ದರ ಅರ್ಧಕ್ಕೂ ಕೆಳಗಿಳಿದು, ಕೊನೆಗೆ ಅಕ್ಕನ ಮದುವೆಗೆಂದು ಅದೇ ಅಡಿಕೆಯನ್ನು ಕೊಟ್ಟರು. ಕಾಯುವ ಸ್ವಾತಂತ್ರ್ಯ ಬೇರೆ, ಕಾಯುವ ಆಸೆ ಬೇರೆ ಎಂಬುದು ನನಗೆ ತಿಳಿದದ್ದು ಆಗ. ಒಂದು ವರ್ಷದ ಖರ್ಚು ಬದಿಗಿದ್ದರೆ ಬೆಳೆಯನ್ನು ಮೂರು ಪಾಲು ಮಾಡಿ, ಮೂರು ಬೇರೆ ಬೇರೆ ಕಾಲದಲ್ಲಿ ಕೊಡಬಹುದು. ಅತಿ ಹೆಚ್ಚಿನ ದರ ಸಿಗದು, ಅತಿ ಕಡಿಮೆಯದಕ್ಕೂ ಬೀಳುವುದಿಲ್ಲ.

ಒಡವೆಗೆ ಎರಡೂವರೆ, ವರ್ಷದ ಜೀವನಕ್ಕೆ ನಾಲ್ಕೂವರೆ ಕಳೆದರೆ 4 ಲಕ್ಷ ಉಳಿಯುತ್ತದೆ. ಅದರಲ್ಲಿ 2 ಲಕ್ಷ ಮಗಳದ್ದು. ಮುಂದಿನ ವರ್ಷವೇ ಕಾಲೇಜಿಗೆ ಕಟ್ಟಬೇಕಾದ ಹಣವನ್ನು ಬ್ಯಾಂಕಿನ ಠೇವಣಿ ಬಿಟ್ಟು ಬೇರೆಲ್ಲಿಯೂ ಇಡಬೇಡಿ. ಉಳಿದ 2 ಲಕ್ಷಕ್ಕೆ ಮಾತ್ರ ನಿಮ್ಮ ಭಾವನವರ ಸಲಹೆ ಅನ್ವಯಿಸುತ್ತದೆ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಹಣದ ಬೆಲೆ ಅರ್ಧಕ್ಕಿಳಿಯುತ್ತದೆಯಾದ್ದರಿಂದ, ದೂರದ ವೃದ್ಧಾಪ್ಯದ ಹಣ ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿ ಬೆಳೆಯುವುದು ಸರಿ. ಆದರೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಮುಟ್ಟಿ, ಅದೇ ಅಕ್ಟೋಬರಿನಲ್ಲಿ 9,000ಕ್ಕೂ ಕೆಳಗಿಳಿದು, ಮತ್ತೆ ಹಳೆಯ ಎತ್ತರಕ್ಕೆ ಬರುವಾಗ 2010ರ ಕೊನೆಯಾಗಿತ್ತು. ಹತ್ತು ವರ್ಷ ಮುಟ್ಟದ ಹಣವಾದರೆ ಮಾತ್ರ ಹಾಕಿ. ಎರಡು ಲಕ್ಷವನ್ನೂ ಒಂದೇ ದಿನ ಹಾಕದೆ ತಿಂಗಳಿಗೆ 5,000ದಂತೆ ಕಟ್ಟಿದರೆ ಮೂರು ವರ್ಷ ನಾಲ್ಕು ತಿಂಗಳಿಗೆ ಬರುತ್ತದೆ. ಅಷ್ಟರಲ್ಲಿ ಇನ್ನೂ ಮೂರು ಕೊಯ್ಲು ಆಗಿರುತ್ತದೆ. ಠೇವಣಿಯ ಬಡ್ಡಿಗೆ ಕೃಷಿ ಆದಾಯದ ತೆರಿಗೆ ವಿನಾಯಿತಿ ಇಲ್ಲವೆಂಬುದು ನೆನಪಿರಲಿ.

ಶಿವಮೊಗ್ಗದ ಸೈಟಿಗೆ ಈ ಲೆಕ್ಕದಲ್ಲಿ ಜಾಗ ಸಿಗಲಿಲ್ಲ. ಸಾಲ ಮಾಡಿ ತೆಗೆದುಕೊಂಡರೆ ಅದು ಬಾಡಿಗೆಯನ್ನೂ ತರುವುದಿಲ್ಲ, ಆಷಾಢದಲ್ಲಿ ಬೇಕೆಂದಾಗ ಅರ್ಧ ಮಾರಲೂ ಬರುವುದಿಲ್ಲ. ಅಣ್ಣನ ಸೈಟು ನೋಡಿ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಸುತ್ತಲಿನವರ ಆದಾಯದೊಂದಿಗೆ ಹೋಲಿಸಿಕೊಂಡೇ ಜನ ತಮ್ಮ ಸುಖವನ್ನು ಅಳೆಯುತ್ತಾರೆ ಎಂದು ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞ 1974ರಷ್ಟು ಹಿಂದೆಯೇ ವಾದಿಸಿದ್ದರು. ಆದರೆ ನಿಮ್ಮ ಅಣ್ಣನಿಗೆ ಎಷ್ಟು ಸಾಲವಿದೆ ಎಂಬುದು ಸೈಟಿನ ಬೇಲಿಯಿಂದ ಕಾಣುವುದಿಲ್ಲ.

ಈ ಹಂಚಿಕೆಯನ್ನು ಹೆಂಡತಿಯವರೊಂದಿಗೂ ಮಗಳೊಂದಿಗೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿ ಖಾತೆಗೂ ನಾಮಿನಿಯ ಹೆಸರು ಇದೆಯೇ ನೋಡಿ. ಆಮೇಲೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತೀರ್ಥಹಳ್ಳಿಗೆ ಹೋಗಿ, ಆರಿದ್ರಾ ಮಳೆ ಹಿಡಿಯುವ ಮೊದಲೇ ಒಡವೆಯನ್ನು ಮನೆಗೆ ತನ್ನಿ.