ಪೂರ್ವನೇಮಕದ ತಕರಾರು: ಡಾರ್ಟ್‌ನಿಂದ ಧಾರವಾಡದವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಕಡೆಯ ಬೈಬಲ್ ಅಧ್ಯಯನ ಕೂಟಗಳಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಬಂತೆಂದರೆ 29-30ನೇ ವಚನದ ಹತ್ತಿರ ಗಾಡಿ ನಿಲ್ಲುತ್ತದೆ. ದೇವರು ಮೊದಲೇ ಅರಿತ, ಮೊದಲೇ ನೇಮಿಸಿದ, ಕರೆದ, ನೀತಿವಂತರೆಂದು ನಿರ್ಣಯಿಸಿದ, ಮಹಿಮೆಪಡಿಸಿದ: ಐದು ಕ್ರಿಯಾಪದಗಳ ಸರಪಳಿ. "ಹಂಗಾದ್ರ ಎಲ್ಲಾ ಹಣೇಬರಾನ ಅಂದಂಗಾತಲ್ರಿ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಗೊಂದಲ ಶುರುವಾಗುವುದೇ ಆ ಪದದಿಂದ. ಹಣೆಬರಹದೊಳಗೆ ಮದುವೆ, ಮಳೆ, ಸಾಲ, ಸಾವು ಎಲ್ಲವೂ ಬರುತ್ತವೆ. ಯಾರಿಗೆ ರಕ್ಷಣೆ ಎಂದು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂಬ ಪೂರ್ವನೇಮಕದ ಜಗಳದ ಕೇಂದ್ರ ಅಷ್ಟು ದೊಡ್ಡದಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪ್ರಸಂಗ ಕೇಳಿದ ಇಬ್ಬರಲ್ಲಿ ಒಬ್ಬ ನಂಬಿದ, ಇನ್ನೊಬ್ಬ ನಂಬಲಿಲ್ಲ. ಆ ಫರಕು ಎಲ್ಲಿಂದ ಬಂತು?

ದೇವರ ಕೃಪೆಯಿಂದ ಎಂದ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್; ಮನುಷ್ಯನ ಇಚ್ಛೆಗೇ ಆ ತಾಕತ್ತಿದೆ ಎಂದ ಅವನ ಕಾಲದ ಬೋಧಕ ಪೆಲಾಗಿಯಸ್. 418ರಲ್ಲಿ ಕಾರ್ತೇಜ್‌ನಲ್ಲಿ ಕೂಡಿದ ಬಿಷಪ್‌ಗಳ ಸಭೆ ಪೆಲಾಗಿಯಸನ ಬೋಧನೆಯನ್ನು ತಳ್ಳಿತು. 529ರ ಒರಾಂಜ್ ಸಭೆ ಕೃಪೆಯೇ ಮೊದಲು ಎಂದಿತು, ಆದರೆ ಕೇಡಿಗೆಂದು ದೇವರು ಯಾರನ್ನೂ ನೇಮಿಸಿಲ್ಲ ಎಂದೂ ಸೇರಿಸಿತು. ಸಾವಿರ ವರ್ಷ ಬಿಟ್ಟು 1524-25ರಲ್ಲಿ ಇಚ್ಛೆ ಸ್ವತಂತ್ರ ಎಂದ ಪಂಡಿತ ಎರಾಸ್ಮಸ್ ಮತ್ತು ಅಲ್ಲವೆಂದ ಸುಧಾರಕ ಲೂಥರ್ ಇದೇ ಜಗಳವಾಡಿದರು; ಆಮೇಲೆ ಪೂರ್ವನೇಮಕವನ್ನು ಗಟ್ಟಿಯಾಗಿ ಹಿಡಿದ ಜಿನೀವಾದ ಸುಧಾರಕ ಕ್ಯಾಲ್ವಿನ್. ಕ್ಯಾಥೊಲಿಕರಲ್ಲಿ ಡೊಮಿನಿಕನ್ ಮತ್ತು ಜೆಸ್ವಿಟ್ ಎಂಬ ಎರಡು ಧಾರ್ಮಿಕ ಸಂಘಗಳ ಪಂಡಿತರ ಇದೇ ವ್ಯಾಜ್ಯವನ್ನು ಪೋಪ್ 5ನೇ ಪಾಲ್ 1607ರಲ್ಲಿ ತೀರ್ಪು ಕೊಡದೆಯೇ ಮುಗಿಸಿದರು. ಜಾಣತನವೇ ಅದು.

ಇಂದಿನ ವಾದಗಳ ಅಚ್ಚು ಎರಕವಾದದ್ದು ಹಾಲೆಂಡಿನಲ್ಲಿ. ಕ್ಯಾಲ್ವಿನ್ ಪಂಥದ ಪೂರ್ವನೇಮಕವನ್ನು ಪ್ರಶ್ನಿಸಿದ ಲೈಡನ್‌ನ ಪ್ರಾಧ್ಯಾಪಕ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯ ಬೋಧಕರು ಐದು ಕಲಮುಗಳ ತಕರಾರು ಅರ್ಜಿ ಕೊಟ್ಟರು. ಅರ್ಮಿನಿಯನ್ನರೆಂದರೆ 'ಎಲ್ಲಾ ಮನುಷ್ಯನ ಕೈಯಾಗೈತಿ' ಎನ್ನುವವರು ಎಂದು ಇಂದಿಗೂ ಹೇಳುವವರಿದ್ದಾರೆ. ಅವರು 3ನೇ ಕಲಮು ಓದಿರಲಿಕ್ಕಿಲ್ಲ. ಕೃಪೆಯಿಲ್ಲದೆ ಮನುಷ್ಯ ನಿಜವಾದ ಒಳ್ಳೆಯದೇನನ್ನೂ ಮಾಡಲಾರ ಎಂದೇ ಅಲ್ಲಿದೆ. 4ನೆಯದು ಮಾತ್ರ ಬೇರೆ ದಾರಿ ಹಿಡಿಯುತ್ತದೆ: ಆ ಕೃಪೆಯನ್ನು ಮನುಷ್ಯ ಬೇಡವೆಂದು ತಳ್ಳಬಲ್ಲ. 'ಮೊದಲೇ ಅರಿತ' ಎಂಬ ಕ್ರಿಯಾಪದವನ್ನೂ ಎರಡೂ ಕಡೆಯವರು ಬೇರೆಬೇರೆ ಓದುತ್ತಾರೆ. ಯಾರು ನಂಬುತ್ತಾರೆಂದು ಮುಂಚೆಯೇ ಕಂಡ ಎಂದು ಅರ್ಮಿನಿಯನ್ನರು, ಮುಂಚೆಯೇ ತನ್ನವರೆಂದು ಆರಿಸಿಕೊಂಡ ಎಂದು ಕ್ಯಾಲ್ವಿನ್ ಪಂಥದವರು.

1618ರ ನವೆಂಬರ್ 13ರಂದು ಈ ತಕರಾರನ್ನು ತೀರ್ಮಾನಿಸಲು ಹಾಲೆಂಡಿನ ಡಾರ್ಟ್ ಊರಿನಲ್ಲಿ ಚರ್ಚಿನ ಸಭೆ ಕೂಡಿತು. ಇಂಗ್ಲೆಂಡ್, ಜಿನೀವಾ, ಬಾಸೆಲ್‌ನಿಂದಲೂ ಪ್ರತಿನಿಧಿಗಳು ಬಂದಿದ್ದರು. ತಕರಾರುದಾರರನ್ನು ಕರೆಸಿದ್ದು ಸಭಾಸದರನ್ನಾಗಿ ಅಲ್ಲ, ಆರೋಪಿಗಳಂತೆ. ನಡಾವಳಿಯ ಬಗ್ಗೆಯೇ ವಾರಗಟ್ಟಲೆ ಜಗ್ಗಾಟ ನಡೆದು ಜನವರಿಯಲ್ಲಿ ಅವರನ್ನು ಹೊರಗೆ ಕಳಿಸಲಾಯಿತು. ಉಳಿದ ವಿಚಾರಣೆ ನಡೆದದ್ದು ಅವರ ಪುಸ್ತಕಗಳ ಮೇಲೆ. 1619ರ ಮೇ 6ರಂದು ತಕರಾರುದಾರರ ಬೋಧನೆಯನ್ನು ತಳ್ಳಿದ ತೀರ್ಪು ಓದಿದರು. ಒಂದು ವಾರ ಕಳೆದು, ಅವರಿಗೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್‌ನ ತಲೆ ಕಡಿಸಲಾಯಿತು. ಆ ಮೊಕದ್ದಮೆ ಬೇರೆ, ಕಾರಣವೂ ರಾಜಕೀಯದ್ದು; ಆದರೆ ತಾರೀಕುಗಳು ಅಷ್ಟು ಹತ್ತಿರ ಹತ್ತಿರ ಇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಬಂದ ಪಾದ್ರಿಗಳಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ನರೂ ಕ್ಯಾಲ್ವಿನ್ ಪರಂಪರೆಗೆ ಹತ್ತಿರದ ಸ್ವಿಸ್ ಸುಧಾರಿತ ಸಭೆಯವರೂ ಇದ್ದರು. ಡಾರ್ಟ್‌ನ ಗೆರೆ ಹಿಡಿದು ಕೂತಿದ್ದರೆ ಅವರಿಗೆ ಒಟ್ಟಿಗೆ ಕೆಲಸ ಮಾಡಲು ಆಗುತ್ತಿರಲಿಲ್ಲ. ಮುಂದೆ ಈ ಮಿಷನ್ನಿನ ಸಭೆಗಳು ಸೇರಿದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕೂಡ 1947ರಲ್ಲಿ ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರನ್ನೂ ಅರ್ಮಿನಿಯನ್ ಒಲವಿನ ಮೆಥೊಡಿಸ್ಟರನ್ನೂ ಒಂದೇ ಚಪ್ಪರದಡಿ ಕೂಡಿಸಿತ್ತು.

ಈಗ ಮೊಬೈಲಿನಲ್ಲಿ ಇಂಗ್ಲಿಷ್ ಪ್ರಸಂಗ ಕೇಳಿದ ಹುಡುಗರು ಡಾರ್ಟ್‌ನ ತೀರ್ಪನ್ನು ಐದು ಇಂಗ್ಲಿಷ್ ಅಕ್ಷರಗಳಲ್ಲಿ ಹಿಡಿದಿಡುವ 'ಟ್ಯೂಲಿಪ್' ಎಂಬ ಸೂತ್ರ ಹಿಡಿದು ಬರುತ್ತಾರೆ. ಅದು 20ನೇ ಶತಮಾನದ್ದು. ಸೂತ್ರ ಮನುಷ್ಯನ ಕೆಡುಕಿನಿಂದ ಶುರುವಾದರೆ ಡಾರ್ಟ್‌ನ ಮೂಲ ತೀರ್ಪು ದೇವರ ಆಯ್ಕೆಯಿಂದ ಶುರುವಾಗುತ್ತದೆ. 3 ಮತ್ತು 4ನೇ ವಿಷಯಗಳನ್ನು ಒಂದೇ ಅಧ್ಯಾಯದಲ್ಲಿ ಕೂಡಿಸಿದ್ದಾರೆ. ಓದುವವರು ಮೊದಲ ಅಧ್ಯಾಯದ 17ನೇ ಕಲಮು ಬಿಡಬಾರದು. ಎಳೆಗೂಸನ್ನು ಕಳಕೊಂಡ ದೈವಭಕ್ತ ತಾಯಿ-ತಂದೆ ಆ ಕೂಸಿನ ರಕ್ಷಣೆಯ ಬಗ್ಗೆ ಅನುಮಾನ ಪಡಬಾರದು ಎಂದು ಆ ಬಿಗಿ ಪಂಡಿತರೇ ಅಲ್ಲಿ ಬರೆದಿದ್ದಾರೆ.