ಬಂಗುಡೆ ಎಂತದ್ರಲ್ಲಿ ಕಾಯಿಸುದು?

ಅಮ್ಮನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 158 ಅಂತ ಇತ್ತು. ಡಾಕ್ಟರು ಕಾಗದದಿಂದ ತಲೆ ಎತ್ತದೆ ಕೇಳಿದರು, "ಅಡುಗೆಗೆ ಯಾವ ಎಣ್ಣೆ?" ಅಮ್ಮ ಮೆಲ್ಲಗೆ "ತೆಂಗಿನೆಣ್ಣೆ" ಎಂದಳು. "ಬಿಡಿ" ಎಂದರು. ಅಷ್ಟೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸು ಹತ್ತಿ ಕೂತ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. "ಮತ್ತೆ ಬಂಗುಡೆ ಮೀನು ಎಂತದ್ರಲ್ಲಿ ಕಾಯಿಸುದು?"

ತಲೆಗೆ ಹಚ್ಚುವ ಎಣ್ಣೆಯಲ್ಲಿ ಅಡುಗೆ ಮಾಡ್ತೀರಾ ಅಂತ ಬೆಂಗಳೂರಿನ ನೆಂಟರು ನಗುವುದು ನಮಗೆ ಹೊಸತಲ್ಲ. ಆದರೆ ಡಾಕ್ಟರು ಬಿಡಿ ಎಂದರೆ ಅದು ನಗುವ ಮಾತಲ್ಲ ಅಲ್ವಾ? ಆ 'ಬಿಡಿ' ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಿಂದಿನ ಮೊಲಗಳ ಹತ್ತಿರ ಹೋಗಿ ನಿಲ್ಲುತ್ತೇವೆ.

1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿದ. ಅವುಗಳ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡಿತು. ಹುಲ್ಲು ತಿನ್ನುವ ಪ್ರಾಣಿಯ ಕಥೆ ಮನುಷ್ಯರಿಗೆ ಯಾಕೆ ಎಂದು ತುಂಬ ಜನ ಸುಮ್ಮನಾದರು. ಮಾತಿಗೆ ಮತ್ತೆ ಜೀವ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕದಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಕುಸಿದು ಬೀಳುತ್ತಿದ್ದರು. 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಶುರುವಾಯಿತು. ಬಿಪಿ, ಸಿಗರೇಟು, ಕೊಲೆಸ್ಟರಾಲ್ ಎಂದು ಇವತ್ತು ನಮ್ಮ ಡಾಕ್ಟರುಗಳು ಒಂದೇ ಉಸಿರಿನಲ್ಲಿ ಹೇಳುತ್ತಾರಲ್ಲ, ಅದಕ್ಕೆ ಬುನಾದಿ ಹಾಕಿದ್ದು ಆ ಊರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೇ ಹೃದಯಾಘಾತವಾಯಿತು. ಆಮೇಲೆ ಕೊಬ್ಬಿನ ಚರ್ಚೆ ಮನೆಮನೆಯ ಊಟದ ಮೇಜಿಗೆ ಬಂತು.

ಅಷ್ಟರಲ್ಲಿ ಅಮೆರಿಕದ ಮಿನ್ನೆಸೊಟಾದ ವಿಜ್ಞಾನಿ ಆ್ಯನ್ಸೆಲ್ ಕೀಸ್ ಆರು ದೇಶಗಳ ಲೆಕ್ಕವನ್ನು ಒಂದು ಗೆರೆಯ ಮೇಲೆ ಕೂರಿಸಿ ತೋರಿಸಿದ್ದ. ಕೊಬ್ಬು ಜಾಸ್ತಿ ತಿಂದ ದೇಶದಲ್ಲಿ ಹೃದಯದ ಸಾವು ಜಾಸ್ತಿ. 22 ದೇಶಗಳ ಲೆಕ್ಕ ಸಿಗುವಾಗ ಆರೇ ಯಾಕೆ ಎಂದು 1957ರಲ್ಲೇ ಟೀಕೆ ಬಂತು. 22ನ್ನೂ ಸೇರಿಸಿದರೆ ಆ ನಂಟು ಸಡಿಲವಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಕೀಸ್ ಹಟ ಬಿಡಲಿಲ್ಲ. 1958ರಿಂದ ಏಳು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಧ್ಯಯನ ಮಾಡಿದ. ಫಿನ್ಲೆಂಡಿನ ಪೂರ್ವಭಾಗದಲ್ಲಿ ಬೆಣ್ಣೆ ಹಾಲು ತಿಂದವರು ಸಾಲಾಗಿ ಸಾಯುತ್ತಿದ್ದರು. ಗ್ರೀಸಿನ ಕ್ರೀಟ್ ದ್ವೀಪದವರೂ ಕೊಬ್ಬು ಧಾರಾಳ ತಿನ್ನುತ್ತಿದ್ದರು, ಆದರೆ ಅದು ಆಲಿವ್ ಎಣ್ಣೆ. ಅವರ ಹೃದಯ ಗಟ್ಟಿಯಾಗಿತ್ತು. ಎಷ್ಟು ಕೊಬ್ಬು ಎನ್ನುವುದಕ್ಕಿಂತ ಯಾವ ಕೊಬ್ಬು ಎನ್ನುವುದು ಮುಖ್ಯ ಎಂದಾಯಿತು.

ಆ ಏಳು ದೇಶಗಳು ಯಾವುವು ಗೊತ್ತಾ? ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಯುಗೊಸ್ಲಾವಿಯಾ, ಗ್ರೀಸ್, ಜಪಾನ್. ದಿನಾ ತೆಂಗಿನಕಾಯಿ ಕಡೆದು ಸಾರು ಮಾಡುವ ಊರು ಒಂದೂ ಇಲ್ಲ. ತೆಂಗಿನೆಣ್ಣೆಯ ಮೇಲೆ ಬಂದ ತೀರ್ಪು ತೆಂಗು ತಿನ್ನುವವರನ್ನು ನೋಡಿ ಬಂದದ್ದಲ್ಲ. ಅದು ರಸಾಯನಶಾಸ್ತ್ರದಿಂದ ಬಂತು. ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ ತುಪ್ಪದಂತೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದ್ದು, ಕೊಲೆಸ್ಟರಾಲ್ ಏರಿಸುತ್ತದೆ ಎಂಬ ಸೂತ್ರ 1965ರ ಹೊತ್ತಿಗೆ ಗಟ್ಟಿಯಾಯಿತು. ಪಾಮೋಲಿನ್‌ನಲ್ಲಿ ಅಂಥ ಕೊಬ್ಬು ಸುಮಾರು ಅರ್ಧದಷ್ಟು. ಕಡ್ಲೆಕಾಯಿ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿಗೂ ಕಡಿಮೆ. ತೆಂಗಿನೆಣ್ಣೆಯಲ್ಲಿ ಸುಮಾರು 90 ಪರ್ಸೆಂಟ್! ಇಷ್ಟು ಸಾಕಾಯಿತು ಅದನ್ನು ಕಟಕಟೆಯಲ್ಲಿ ನಿಲ್ಲಿಸಲು.

ಲೆಕ್ಕಕ್ಕೆ ಸಿಗದ ಊರುಗಳೂ ಇದ್ದವು. 1967ರಲ್ಲಿ ಎಸ್.ಎಲ್. ಮಲ್ಹೋತ್ರಾ ಎಂಬ ರೈಲ್ವೆ ವೈದ್ಯರು ನಮ್ಮ ದೇಶದ ರೈಲ್ವೆ ನೌಕರರ ಅಂಕಿಅಂಶ ಪ್ರಕಟಿಸಿದರು. ಉತ್ತರದವರು ತುಪ್ಪ, ಹಾಲು ಸುರಿದುಕೊಂಡು ತಿನ್ನುತ್ತಿದ್ದರು. ದಕ್ಷಿಣದವರು ತಿನ್ನುತ್ತಿದ್ದ ಕೊಬ್ಬು ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಹೃದಯರೋಗದಿಂದ ಹೆಚ್ಚು ಸತ್ತವರು ದಕ್ಷಿಣದವರೇ. ಇನ್ನೊಂದು ಕಥೆ ಪೆಸಿಫಿಕ್ ಸಮುದ್ರದ್ದು. ಟೊಕೆಲಾವ್ ದ್ವೀಪದವರಿಗೆ ದೇಹಕ್ಕೆ ಬೇಕಾದ ಶಕ್ತಿಯಲ್ಲಿ 63 ಪರ್ಸೆಂಟ್ ತೆಂಗಿನಿಂದಲೇ ಸಿಗುತ್ತಿತ್ತು. ಪುಕಾಪುಕಾದವರಿಗೆ 34 ಪರ್ಸೆಂಟ್. ಎರಡೂ ಕಡೆ ಹೃದಯರೋಗ ಅಪರೂಪ ಎಂದು 1981ರಲ್ಲಿ ಇಯಾನ್ ಪ್ರಯರ್ ತಂಡ ಬರೆಯಿತು. ವಾಟ್ಸಾಪಿನಲ್ಲಿ ಈ ದ್ವೀಪಗಳು ಈಗಲೂ ಓಡಾಡುತ್ತವೆ. ಆದರೆ ಅದೇ ಲೇಖನದ ಇನ್ನೊಂದು ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹೆಚ್ಚು ತೆಂಗು ತಿಂದ ಟೊಕೆಲಾವ್‌ನವರ ಕೊಲೆಸ್ಟರಾಲ್ ಪುಕಾಪುಕಾದವರದ್ದಕ್ಕಿಂತ 35ರಿಂದ 40 ಮಿಲಿಗ್ರಾಂ ಮೇಲಿತ್ತು.

ಅಂದರೆ ತೆಂಗು ತನ್ನ ಕೆಲಸ ಮಾಡಿಯೇ ಇತ್ತು. ಆ ಜನರ ಉಳಿದ ಬದುಕು ಅದನ್ನು ತಡೆದುಕೊಂಡಿತ್ತು ಅಂತ ನನಗೆ ಕಾಣುತ್ತದೆ. ದೋಣಿ ಹುಟ್ಟು ಹಾಕುವುದು, ಮೀನು, ಸಕ್ಕರೆ ಇಲ್ಲದ ಊಟ.

ನಮ್ಮ ಕರಾವಳಿಯಲ್ಲಿ ತೆಂಗಿನೆಣ್ಣೆಯ ಪರ ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಡಾ. ಬಿ.ಎಂ. ಹೆಗ್ಡೆ. ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಹೃದ್ರೋಗ ತಜ್ಞರೇ ತಿನ್ನಿ ಎಂದಾಗ ಇಲ್ಲಿ ಎಷ್ಟೋ ಅಡುಗೆಮನೆಗಳಿಗೆ ಧೈರ್ಯ ಬಂತು. ನಮ್ಮ ಮನೆಗೂ ಬಂತು. 2018ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಒಬ್ಬ ಪ್ರೊಫೆಸರ್ ಇದು ಅಪ್ಪಟ ವಿಷ ಎಂದಾಗ ಭಾರತದ ತೋಟಗಾರಿಕೆ ಆಯುಕ್ತರು ಪ್ರತಿಭಟಿಸಿ ಪತ್ರ ಬರೆದರು. ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ವಿಷ. ಎರಡೂ ಕೂಗಾಟವೇ ಎಂದು ನನ್ನ ಅಭಿಪ್ರಾಯ. ಯಾವುದಕ್ಕೆ ಹೋಲಿಸಿ ಎಂದು ಕೇಳದಿದ್ದರೆ ಆ ಎರಡೂ ಮಾತಿಗೆ ಅರ್ಥ ಇಲ್ಲ.

ಹೋಲಿಸಿ ನೋಡಿದವರೂ ಇದ್ದಾರೆ. ಕೊಚ್ಚಿಯಲ್ಲಿ ಹೃದಯರೋಗ ಇದ್ದ ಸುಮಾರು 200 ಜನರಲ್ಲಿ ಅರ್ಧದಷ್ಟು ಮಂದಿಗೆ ತೆಂಗಿನೆಣ್ಣೆ, ಉಳಿದವರಿಗೆ ಸೂರ್ಯಕಾಂತಿ ಎಣ್ಣೆ ಕೊಟ್ಟು ಎರಡು ವರ್ಷ ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕರಾವಳಿ ಖುಷಿಪಟ್ಟಿತು. ಆದರೆ ಹೃದ್ರೋಗಿಗಳು ಎಂದ ಮೇಲೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಸಾಮಾನ್ಯ. ಮಾತ್ರೆ ಹಿಡಿದಿಟ್ಟ ಕೊಲೆಸ್ಟರಾಲಿನಲ್ಲಿ ಎಣ್ಣೆಯ ಗುಣ ಕಾಣುವುದು ಕಷ್ಟ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ಲನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ. ಒಳ್ಳೆಯದು ಎನ್ನುವ ಎಚ್‌ಡಿಎಲ್ಲನ್ನೂ 4 ಮಿಲಿಗ್ರಾಂ ಏರಿಸುತ್ತದೆ. ಎಚ್‌ಡಿಎಲ್ ಏರಿತಲ್ಲ ಎಂದು ಸಮಾಧಾನ ಪಡುವವರಿಗೆ ಒಂದು ಮಾತು: ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿದ ದೊಡ್ಡ ಪ್ರಯೋಗಗಳು ಹೃದಯಾಘಾತ ತಪ್ಪಿಸುವ ವಿಷಯದಲ್ಲಿ ನಿರಾಸೆಯನ್ನೇ ತಂದವು. ಎಲ್‌ಡಿಎಲ್ ಇಳಿಸಿದರೆ ಸಾವು ಕಡಿಮೆಯಾಗುತ್ತದೆ ಎನ್ನುವುದು ಮಾತ್ರ 1994ರಲ್ಲೇ 4,444 ಸ್ಕ್ಯಾಂಡಿನೇವಿಯನ್ ರೋಗಿಗಳಲ್ಲಿ ಸಾಬೀತಾಗಿದೆ.

ಇನ್ನು, ತೆಂಗಿನೆಣ್ಣೆ ಬಿಟ್ಟವರು ಏನು ಹಿಡಿದರು? ಒಂದು ಕಾಲದಲ್ಲಿ ವನಸ್ಪತಿ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟಿ ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ಲನ್ನೂ ಇಳಿಸುತ್ತದೆ ಎಂದು 1990ರಲ್ಲಿ ಗೊತ್ತಾಯಿತು. ನಮ್ಮಲ್ಲಿ ಅದಕ್ಕೆ 2 ಪರ್ಸೆಂಟಿನ ಮಿತಿ ಬಂದದ್ದು 2022ರಲ್ಲಿ! ಆಮೇಲೆ ಪಾಮೋಲಿನ್. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ನಮ್ಮ ಬೀದಿಯ ಎಷ್ಟೋ ಮನೆಯವರು ಎಣ್ಣೆ ಬದಲಿಸಿದರು. ಡಾಕ್ಟರು ಹೇಳಿದ್ದಕ್ಕಲ್ಲ, ರೇಟು ನೋಡಿ.

ಊಟವೂ ಬದಲಾಗಿದೆ. ಕುಚ್ಚಲಕ್ಕಿ ಗಂಜಿ ಕುಡಿದು ಗದ್ದೆಗೆ ಇಳಿಯುತ್ತಿದ್ದವರ ಮೊಮ್ಮಕ್ಕಳು ಸಂಜೆ ಬನ್ಸ್, ಗೋಳಿಬಜೆ ತಿಂದು ಕುರ್ಚಿಯಲ್ಲೇ ಇರುತ್ತಾರೆ. ದೇಶದಲ್ಲಿ ನೂರರಲ್ಲಿ ಹನ್ನೊಂದು ದೊಡ್ಡವರಿಗೆ ಸಕ್ಕರೆ ಕಾಯಿಲೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದದ್ದು ಸರಾಸರಿ 53ನೇ ವಯಸ್ಸಿಗೆ. ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲು.

ಮನೆಯಲ್ಲಿ ಕೂತು ನಾವೂ ಲೆಕ್ಕ ಹಾಕಿದೆವು. ನಾಲ್ಕು ಜನ, ತಿಂಗಳಿಗೆ ನಾಲ್ಕು ಲೀಟರ್. ಒಬ್ಬರಿಗೆ ದಿನಕ್ಕೆ 30 ಗ್ರಾಂ. ಅಮ್ಮ "ಅಷ್ಟೇನೂ ಜಾಸ್ತಿ ಇಲ್ಲ ಅಲ್ವಾ?" ಎಂದಳು. ಆಗಲೇ ನನ್ನ ಕಣ್ಣು ಹೆರೆಮಣೆಯ ಮೇಲೆ ಬಿತ್ತು. ಪುಳಿಮುಂಚಿ ಬಿಟ್ಟರೆ ನಮ್ಮಲ್ಲಿ ಕಾಯಿ ಕಡೆಯದ ಪದಾರ್ಥ ಯಾವುದಿದೆ? ಹಸಿ ಕಾಯಿತುರಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು. ದಿನಕ್ಕೊಂದು ಕಾಯಿ, 300 ಗ್ರಾಂ ತುರಿ ಎಂದಿಟ್ಟುಕೊಂಡರೆ 100 ಗ್ರಾಂ ಕೊಬ್ಬು. ತಲೆಗೆ ಇನ್ನೊಂದು 25 ಗ್ರಾಂ. ನಾರು ಜೊತೆಗಿರುತ್ತದೆ, ನಿಜ. ಆದರೆ ನಮ್ಮ ಎಣ್ಣೆಯ ಲೆಕ್ಕದಲ್ಲಿ ಇದು ಎಲ್ಲೂ ಬಂದಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ.

ಈಗ ಒಂದು ಕಾಯಿ ಎರಡು ದಿನಕ್ಕೆ ಬರುತ್ತದೆ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ. ಮಾತ್ರೆಯ ಡಬ್ಬಿ ಮಸಾಲೆ ಡಬ್ಬಿಯ ಪಕ್ಕ ಕೂತಿದೆ. ಬಂಗುಡೆ ಮಾತ್ರ ತೆಂಗಿನೆಣ್ಣೆಯಲ್ಲೇ, ಕಾವಲಿಗೆ ಒಂದು ಚಮಚ. ಅದರಲ್ಲಿ ಅಮ್ಮ ಚೌಕಾಸಿಗೆ ಒಪ್ಪಲಿಲ್ಲ.